ಕಳಚಿದ ಚೂರಿಗೆ ಯಾವ ಅಂಟು? ಮಾದರಿ ಲೋಕೊಗಳ ಬಿಡಿಭಾಗ ಗುರುತಿಸಿ ಮತ್ತೆ ಕೂರಿಸಲು ಒಂದು ಹೋಲಿಕೆಯ ಮಾರ್ಗದರ್ಶಿ

ಮಾದರಿ ಲೋಕೊವನ್ನು, ಅಂದರೆ ರೈಲು ಎಂಜಿನ್ನಿನ ಪುಟ್ಟ ಪ್ರತಿಕೃತಿಯನ್ನು, ಡಬ್ಬಿಯಿಂದ ತೆಗೆದಾಗ ಫೋಮ್‌ನ ಸಂದಿಯಲ್ಲಿ ಒಂದು ಕಪ್ಪು ಚೂರು ಉಳಿದಿದ್ದರೆ ಹೆಚ್ಚಿನವರ ಕೈ ನೇರವಾಗಿ ಸೂಪರ್ ಗ್ಲೂ ಟ್ಯೂಬಿಗೆ ಹೋಗುತ್ತದೆ. ಬಣ್ಣದ ಮೇಲೆ ಬಿಳಿ ಮಂಜು, ಕ್ಯಾಬಿನ ಗಾಜಿನಲ್ಲಿ ಅಳಿಸಲಾಗದ ಬೆರಳಚ್ಚು, ತಿರುಗದೆ ಬಿಗಿದುಕೊಂಡ ಆಕ್ಸಲ್, ನಾಲ್ಕು ಸಲ ಮುಟ್ಟಿದೊಡನೆ ಮತ್ತೆ ಉದುರುವ ಹ್ಯಾಂಡ್‌ರೈಲ್ ಇವೆಲ್ಲ ಆ ಅವಸರದ ಫಲ. ಅಂಟು ಆರಿಸುವ ಮೊದಲು ಮೂರು ವಿಷಯ ತಿಳಿದಿರಬೇಕು: ಚೂರು ಯಾವ ವಸ್ತುವಿನದು, ಅದು ಕೂರುವ ತೂತು ಯಾವ ಸ್ಥಿತಿಯಲ್ಲಿದೆ, ಮುಂದೆ ಎಂದಾದರೂ ಅದನ್ನು ಬಿಚ್ಚಬೇಕಾಗುತ್ತದೆಯೇ. ಇವು ತಿಳಿದ ಮೇಲೆ, ಆ ಜಾಗದಲ್ಲಿ ನಿಲ್ಲಲು ಸಾಕಾಗುವ ಅಂಟುಗಳ ಪೈಕಿ ಎಲ್ಲಕ್ಕಿಂತ ಸೌಮ್ಯವಾದದ್ದನ್ನು ಆರಿಸಿ. ಈ ಲೇಖನದ ಹೋಲಿಕೆಯೆಲ್ಲ ಇದೇ ಲೆಕ್ಕದ ಮೇಲೆ ನಿಂತಿದೆ.

ಚೂರು ಎಲ್ಲಿಯದು

ಮೊದಲ ಕೆಲಸ ಲೋಕೊವನ್ನು ಹಳಿಯ ಮೇಲೆ ಓಡಿಸದೆ ಇರುವುದು. ಸಿಕ್ಕಿದ ತುಂಡಿನ ಎರಡು ತುದಿಯಲ್ಲೂ ತೂತಿದ್ದರೆ, ಅಥವಾ ಅದು ತಲೆಯಿರುವ ಸಣ್ಣ ಸ್ಕ್ರೂ ಆಗಿದ್ದರೆ, ಅದು ಅಲಂಕಾರದ ಭಾಗವಲ್ಲ. ಉಗಿ ಎಂಜಿನ್ನಿನ ಚಾಲಕ ಸರಳುಗಳಿಗೋ ವಾಲ್ವ್ ಗೇರಿಗೋ (ಉಗಿಯ ಕವಾಟಗಳನ್ನು ಆಡಿಸುವ ಸರಳುಗಳ ಜೋಡಣೆ) ಸೇರಿದ್ದು. ಅಂಥದಕ್ಕೆ ಯಾವ ಅಂಟೂ ಸಲ್ಲದು. ಸ್ಕ್ರೂ ಅಥವಾ ರಿವೆಟ್‌ನಿಂದ ಸರಿಯಾಗಿ ಕೂರಿಸುವವರೆಗೆ ಚಕ್ರ ತಿರುಗಿಸಲೇಬಾರದು. ಒಂದು ಸರಳು ಕೆಳಗೆ ಜಾರಿ ಸ್ಲೀಪರಿಗೆ ಸಿಕ್ಕಿಕೊಂಡರೆ ಮೋಟಾರಿನ ಬಲಕ್ಕೆ ಉಳಿದ ಸರಳುಗಳೂ ಬಾಗುತ್ತವೆ.

ಎರಡನೆಯದು, ಡಬ್ಬಿ, ಫೋಮ್, ಸುತ್ತಿದ ತೆಳು ಪ್ಲಾಸ್ಟಿಕ್ ಹಾಳೆ ಇವನ್ನೆಲ್ಲ ಬಿಳಿ ಬಟ್ಟೆಯ ಮೇಲೆ ಕೊಡವಿ ನೋಡುವುದು. ಒಂದು ಚೂರು ಬಿದ್ದ ಕಡೆ ಇನ್ನೊಂದು ಇರುವ ಸಂಭವ ಹೆಚ್ಚು. ನೆಲಕ್ಕೆ ಬಿದ್ದು ಕಾಣೆಯಾಗಿದ್ದರೆ ವ್ಯಾಕ್ಯೂಮ್ ಕ್ಲೀನರಿನ ಬಾಯಿಗೆ ತೆಳು ನೈಲಾನ್ ಕಾಲುಚೀಲ ಬಿಗಿದು ನೆಲದ ಮೇಲೆ ಆಡಿಸಿ. ಚೂರು ಬಟ್ಟೆಗೆ ಅಂಟಿ ನಿಲ್ಲುತ್ತದೆ, ಒಳಗೆ ಹೋಗುವುದಿಲ್ಲ.

ಜಾಗ ಹುಡುಕಲು ಡಬ್ಬಿಯೊಂದಿಗೆ ಬಂದ ಬಿಡಿಭಾಗಗಳ ನಕ್ಷೆ ಎಲ್ಲಕ್ಕಿಂತ ಒಳ್ಳೆಯದು. ಅದಿಲ್ಲದಿದ್ದರೆ ಲೋಕೊವೇ ನಕ್ಷೆ. ಡೀಸೆಲ್, ಎಲೆಕ್ಟ್ರಿಕ್ ಲೋಕೊಗಳಲ್ಲಿ ಒಂದು ತುದಿಯಲ್ಲಿರುವುದು ಸಾಮಾನ್ಯವಾಗಿ ಇನ್ನೊಂದು ತುದಿಯಲ್ಲೂ, ಎಡಬದಿಯದು ಬಲಬದಿಯಲ್ಲೂ ಇರುತ್ತದೆ. ಲೈಟನ್ನು ಓರೆಯಾಗಿ ಹಿಡಿದು ಎರಡೂ ಬದಿಗಳನ್ನು ಹೋಲಿಸುತ್ತ ಬಂದರೆ ಖಾಲಿ ತೂತು ಕಣ್ಣಿಗೆ ಬೀಳುತ್ತದೆ. ಭಾಗ ಕಳಚಿದ ತೂತಿನ ಸುತ್ತ ಒಣಗಿದ ಅಂಟಿನ ಹೊಳಪು ಇರುತ್ತದೆ, ಅಥವಾ ಬಣ್ಣ ತಾಗದ ಒಂದು ಸಣ್ಣ ವೃತ್ತ ಕಾಣುತ್ತದೆ. ಎರಡೂ ಇಲ್ಲದೆ ಸ್ವಚ್ಛವಾಗಿರುವ ತೂತು ಕಾರ್ಖಾನೆಯಿಂದಲೇ ಖಾಲಿ ಬಂದಿರಬಹುದು. ಬ್ರೇಕ್ ಪೈಪು, ಅಲಂಕಾರದ ಸ್ಕ್ರೂ ಕಪ್ಲಿಂಗ್ (ಗಾಡಿ ಜೋಡಿಸುವ ಕೊಂಡಿ), ಹಿಮ ತಳ್ಳುವ ಹಲಗೆ ಮುಂತಾದವನ್ನು ಎಷ್ಟೋ ತಯಾರಕರು ಪ್ರತ್ಯೇಕ ಪೊಟ್ಟಣದಲ್ಲಿ ಕೊಡುತ್ತಾರೆ.

ಆಕಾರವೂ ಬಹಳ ಹೇಳುತ್ತದೆ. ಎರಡು ಕಾಲಿನ, ಚೌಕ ಕಮಾನಿನಂತೆ ಬಾಗಿದ ತಂತಿಯೆಂದರೆ ಕೈಹಿಡಿ. ಇದರ ಎರಡು ಕಾಲುಗಳ ನಡುವಿನ ಅಂತರವನ್ನು ಕ್ಯಾಲಿಪರಿನಿಂದ ಅಳೆಯಿರಿ. ನಿಜ ಲೋಕೊದಲ್ಲಿ 18 ಇಂಚಿನ ಕೈಹಿಡಿ ಇದ್ದರೆ 1:87ರ ಎಚ್‌ಒ ಮಾದರಿಯಲ್ಲಿ ಅದು ಸುಮಾರು 5.25 ಮಿ.ಮೀ., 1:76ರ ಒಒದಲ್ಲಿ 6 ಮಿ.ಮೀ., 1:160ರ ಎನ್‌ನಲ್ಲಿ 2.9 ಮಿ.ಮೀ. ಬರುತ್ತದೆ. ಒಂದೇ ಲೋಕೊದಲ್ಲಿ ಎರಡು ಮೂರು ಅಳತೆಯ ಕೈಹಿಡಿಗಳಿರುವುದರಿಂದ ಕಣ್ಣಂದಾಜಿಗಿಂತ ಅಳತೆಯೇ ವಾಸಿ. ಬಫರ್ ಬೀಮಿನ (ಲೋಕೊದ ತುದಿಯ ಅಡ್ಡ ತೊಲೆ) ಅಡ್ಡಕ್ಕೂ ಚಾಚಿ ತುದಿಯಲ್ಲಿ ಹಿಡಿಕೆ ಇರುವ ಉದ್ದ ತಂತಿ ಕಪ್ಲರ್ ಬಿಚ್ಚುವ ಲಿವರ್. ಚಕ್ರದ ಮುಂದೆ ಹಳಿಯ ಕಡೆಗೆ ಬಾಗಿ ಇಳಿಯುವ ಸಣ್ಣ ನಳಿಕೆ ಮರಳಿನ ಪೈಪು. ದಪ್ಪಗಿದ್ದು ಮೈಯೆಲ್ಲ ಉಂಗುರ ಉಂಗುರವಾಗಿರುವ ಪೈಪು ವ್ಯಾಕ್ಯೂಮ್ ಬ್ರೇಕಿನದು, ತೆಳ್ಳಗೆ ನುಣುಪಾಗಿರುವುದು ಏರ್ ಬ್ರೇಕಿನದು. ಏರ್ ಬ್ರೇಕ್ ಇರುವ ಬ್ರಿಟಿಷ್ ಲೋಕೊಗಳ ಮಾದರಿಯಲ್ಲಿ ಪೈಪಿನ ನಲ್ಲಿ ಕೆಂಪಾಗಿದ್ದರೆ ಬ್ರೇಕ್ ಪೈಪು, ಹಳದಿಯಾಗಿದ್ದರೆ ಮೇನ್ ರಿಸರ್ವಾಯರ್ (ಮುಖ್ಯ ಗಾಳಿ ಟ್ಯಾಂಕಿನ) ಪೈಪು.

ಮರಳಿನ ಪೈಪು, ಕ್ಯಾಬಿನ ಮೆಟ್ಟಿಲು, ಕನ್ನಡಿ ಇವುಗಳಿಗೆ ಎಡ ಬಲ ಬೇರೆ ಬೇರೆ. ಪೈಪಿನ ತುದಿ ಚಕ್ರದಿಂದ ಆಚೆ ತಿರುಗಿದ್ದರೆ ನೀವು ಹಿಡಿದಿರುವುದು ಇನ್ನೊಂದು ಬದಿಯದು. ತೂತಿನೊಳಗೆ ಇಳಿಯುವ ಪಿನ್ನಿನ ಆಕಾರವನ್ನೂ ಲೆನ್ಸ್ ಕೆಳಗೆ ನೋಡಿ. ತಪ್ಪು ಜಾಗಕ್ಕೆ ಹೋಗದಿರಲಿ ಎಂದೇ ಕೆಲವು ಮಾದರಿಗಳಲ್ಲಿ ಒಂದು ಪಿನ್ನನ್ನು ದುಂಡಗೆ, ಇನ್ನೊಂದನ್ನು ಚೌಕವಾಗಿ, ಮತ್ತೊಂದನ್ನು ಅರ್ಧಚಂದ್ರಾಕಾರವಾಗಿ ಮಾಡಿರುತ್ತಾರೆ. ತೂತಿನ ವ್ಯಾಸ ಅಳೆಯಲು ಡ್ರಿಲ್ ಬಿಟ್ಟಿನ ಹಿಂಬದಿ ಸಾಕು: 0.4 ಮಿ.ಮೀ. ಬಿಟ್ಟು ಒಳಗೆ ಇಳಿದು 0.5 ಮಿ.ಮೀ. ಇಳಿಯದಿದ್ದರೆ ತೂತಿನ ಅಳತೆ ಗೊತ್ತಾಯಿತು. ಅಂಟಿಲ್ಲದೆ ಒಮ್ಮೆ ಕೂರಿಸಿ ನೋಡುವ ತನಕ ಯಾವ ಬಾಟಲಿಯ ಮುಚ್ಚಳವನ್ನೂ ತೆಗೆಯಬೇಡಿ.

ವಸ್ತು ಯಾವುದು

ಕೈಗೆ ಪ್ಲಾಸ್ಟಿಕ್ ಎಂದು ಅನ್ನಿಸುವುದೆಲ್ಲ ಒಂದೇ ಪ್ಲಾಸ್ಟಿಕ್ ಅಲ್ಲ. ಕೂರಿಸಿದ ಭಾಗ ಮತ್ತೆ ಉದುರಲು ದೊಡ್ಡ ಕಾರಣ ಇದು. ಲೋಕೊದ ಬಾಡಿ ಸಾಮಾನ್ಯವಾಗಿ ಎಬಿಎಸ್ ಅಥವಾ ಪಾಲಿಸ್ಟೈರೀನ್. ಬಾಗಿದರೂ ಮುರಿಯಬಾರದ ಹ್ಯಾಂಡ್‌ರೈಲ್, ಅದರ ಕಂಬಗಳು, ತೆಳು ಮೆಟ್ಟಿಲು ಇವು ಹೆಚ್ಚಾಗಿ ಅಸಿಟಾಲ್. ಡೆಲ್ರಿನ್ ಎಂಬ ಹೆಸರಿನಲ್ಲಿ ಅದು ಹೆಚ್ಚು ಪರಿಚಿತ. ಮೆತ್ತನೆಯ ಹೋಸ್‌ಗಳು ಮೃದು ಪಿವಿಸಿ ಆಗಿರಬಹುದು. ಲೋಹದಲ್ಲಿ ಹಿತ್ತಾಳೆ, ಉಕ್ಕಿನ ತಂತಿ, ವೈಟ್ ಮೆಟಲ್ (ಬೇಗ ಕರಗುವ ಮೆತ್ತನೆಯ ಮಿಶ್ರಲೋಹ), ಮತ್ತು ಚಾಸಿ, ಬಫರ್ ಬೀಮುಗಳಿಗೆ ಬಳಸುವ ಸತುವಿನ ಮಿಶ್ರಲೋಹ.

ಲೋಹ ಗುರುತಿಸುವುದು ಸುಲಭ. ಅಯಸ್ಕಾಂತಕ್ಕೆ ಅಂಟಿದರೆ ಉಕ್ಕು. ಕಾಣದ ಬದಿಯಲ್ಲಿ ಬ್ಲೇಡಿನ ತುದಿಯಿಂದ ಗೀರಿದಾಗ ಹಳದಿ ಕಂಡರೆ ಹಿತ್ತಾಳೆ. ಬೂದುಬಣ್ಣ ಕಂಡು ಬ್ಲೇಡು ಮೆತ್ತಗೆ ಒಳಗಿಳಿದರೆ ವೈಟ್ ಮೆಟಲ್. ಬೂದುಬಣ್ಣವಿದ್ದೂ ಗಡುಸಾಗಿದ್ದರೆ ಸತುವಿನ ಮಿಶ್ರಲೋಹ. ಆ ಸತುವಿನ ತುಂಡಿನ ಮೈಯಲ್ಲಿ ಕೂದಲೆಳೆಯ ಬಿರುಕುಗಳಿದ್ದು ತುಂಡು ಉಬ್ಬಿದಂತೆ ಕಂಡರೆ ಅದಕ್ಕೆ ಅಂಟು ಹುಡುಕುವುದು ವ್ಯರ್ಥ. ಮಿಶ್ರಲೋಹದಲ್ಲಿ ಸೀಸದಂಥ ಕಲ್ಮಶ ಸೇರಿದಾಗ ಹರಳುಗಳ ಅಂಚಿನಲ್ಲೇ ಸವೆತ ಶುರುವಾಗಿ ಲೋಹ ಒಳಗಿನಿಂದ ಪುಡಿಯಾಗುತ್ತದೆ. ಆ ಭಾಗವನ್ನು ಬದಲಾಯಿಸುವುದೊಂದೇ ದಾರಿ.

ಪ್ಲಾಸ್ಟಿಕ್‌ಗೆ ಉಪ್ಪುನೀರಿನ ಪರೀಕ್ಷೆ ತುಂಬ ಉಪಯುಕ್ತ. 100 ಮಿ.ಲೀ. ನೀರಿಗೆ 36 ಗ್ರಾಂ ಉಪ್ಪು ಹಾಕಿ ಕರಗಿಸಿದರೆ ಅದರ ಸಾಂದ್ರತೆ 1.2ರ ಹತ್ತಿರ ಬರುತ್ತದೆ. ಪಾಲಿಸ್ಟೈರೀನ್ ಮತ್ತು ಎಬಿಎಸ್‌ನ ಸಾಂದ್ರತೆ 1.05ರ ಆಸುಪಾಸು, ನೈಲಾನಿನದು 1.14, ಇವು ತೇಲುತ್ತವೆ. ಅಸಿಟಾಲಿನದು 1.41, ಅದು ನೇರ ತಳ ಸೇರುತ್ತದೆ. ಮೃದು ಪಿವಿಸಿಯೂ ಸಾಮಾನ್ಯವಾಗಿ ಮುಳುಗುತ್ತದೆ, ಆದರೆ ಅದರ ರಬ್ಬರಿನಂಥ ಮೆತ್ತನೆ ಬೆರಳಿಗೇ ಗೊತ್ತಾಗುವುದರಿಂದ ಗೊಂದಲವಿಲ್ಲ. ಪುಟ್ಟ ಚೂರು ನೀರಿನ ಮೇಲ್ಮೈಯಲ್ಲೇ ನಿಂತುಬಿಡುವುದುಂಟು. ಅದಕ್ಕೆ ಒಂದು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ, ಚಿಮಟದಿಂದ ಚೂರನ್ನು ಪೂರ್ತಿ ಮುಳುಗಿಸಿ, ಗಾಳಿಗುಳ್ಳೆ ತಟ್ಟಿ ಬಿಟ್ಟು ನೋಡಿ. ಒಳಗೆ ತಂತಿ ಇರುವ ಭಾಗಕ್ಕೆ ಈ ಪರೀಕ್ಷೆ ನಡೆಯದು. ಆಮೇಲೆ ಸಿಹಿನೀರಿನಲ್ಲಿ ತೊಳೆದು ಒಣಗಿಸಿ. ಉಪ್ಪಿನ ಪದರ ಉಳಿದರೆ ಅಂಟು ಹಿಡಿಯುವುದಿಲ್ಲ.

ನೀರು ಬೇಡವೆಂದರೆ ಸಾಲ್ವೆಂಟ್ ಪರೀಕ್ಷೆ ಇದೆ. ಪಿನ್ನಿನ ತುದಿಗೆ ಪ್ಲಾಸ್ಟಿಕ್ ಸಿಮೆಂಟನ್ನು (ಪ್ಲಾಸ್ಟಿಕ್ ಕರಗಿಸಿ ಸೇರಿಸುವ ದ್ರವ) ಬ್ರಷ್ಷಿನಿಂದ ಸೋಕಿಸಿ ಹತ್ತು ಸೆಕೆಂಡ್ ಬಿಟ್ಟು ಸೂಜಿಯಿಂದ ಮುಟ್ಟಿ. ಅಂಟಂಟಾದರೆ ಸ್ಟೈರೀನ್ ಅಥವಾ ಎಬಿಎಸ್. ಏನೂ ಆಗದೆ ಮೇಣದಂತೆ ನುಣುಪಾಗಿಯೇ ಉಳಿದರೆ ಅಸಿಟಾಲ್ ಅಥವಾ ನೈಲಾನ್.

ಅಂಟೇ ಇಲ್ಲದೆ ಕೂರಿಸುವುದು

ಮೊದಲ ಆಯ್ಕೆ ಯಾವಾಗಲೂ ಇದೇ ಆಗಿರಲಿ. ಅನೇಕ ಭಾಗಗಳು ಕಾರ್ಖಾನೆಯಲ್ಲೇ ಬರಿ ಬಿಗಿತದ ಮೇಲೆ ನಿಂತಿರುತ್ತವೆ. ಸಾಗಣೆಯ ಅಲುಗಾಟಕ್ಕೆ ಸಡಿಲಾಗುತ್ತವೆ. ತಂತಿಯ ಕೈಹಿಡಿಯಾದರೆ ಎರಡು ಕಾಲುಗಳನ್ನು ಕೂದಲೆಳೆಯಷ್ಟು ಹೊರಗೆ ಅಥವಾ ಒಳಗೆ ಬಾಗಿಸಿ ಒತ್ತಿದರೆ ತಂತಿಯ ಸ್ಪ್ರಿಂಗ್ ಗುಣವೇ ಅದನ್ನು ಹಿಡಿದು ನಿಲ್ಲಿಸುತ್ತದೆ. ಬಾಡಿ ತೆಗೆದಾಗ ಜೊತೆಯಲ್ಲೇ ಬಿಡಿಸಬೇಕಾದ ಭಾಗಗಳಿಗೆ, ಉದಾಹರಣೆಗೆ ಕ್ಯಾಬಿಗೂ ಬಾಯ್ಲರಿಗೂ ನಡುವೆ ಹಾದುಹೋಗುವ ಹ್ಯಾಂಡ್‌ರೈಲಿನ ತುದಿಗೆ, ಅಂಟು ಹಾಕಲೇಬಾರದು. ಮುಂದೆ ಡಿಕೋಡರ್ (ಡಿಜಿಟಲ್ ನಿಯಂತ್ರಣದ ಸಣ್ಣ ಸರ್ಕ್ಯೂಟ್) ಹಾಕಲೋ ಮೋಟಾರಿಗೆ ಎಣ್ಣೆ ಬಿಡಲೋ ಬಾಡಿ ಎತ್ತಿದ ದಿನ ಅದು ಮುರಿಯುತ್ತದೆ.

ಪಿನ್ನು ಒಳಗೆ ಹೋಗದಿದ್ದರೆ ಒತ್ತಡ ಹೆಚ್ಚಿಸಬೇಡಿ. ತೂತಿನಲ್ಲಿ ಬಣ್ಣವೋ ಹಳೆಯ ಅಂಟೋ ತುಂಬಿರುತ್ತದೆ. ತೂತಿನ ಅಳತೆಯದೇ ಡ್ರಿಲ್ ಬಿಟ್ಟನ್ನು ಪಿನ್ ವೈಸಿಗೆ (ಬಿಟ್ಟು ಹಿಡಿಯುವ ಪುಟ್ಟ ಕೈಹಿಡಿಕೆ) ಸಿಕ್ಕಿಸಿ ಬೆರಳಿನಿಂದ ನಿಧಾನ ತಿರುಗಿಸಿದರೆ ಅದು ಪುಡಿಯಾಗಿ ಹೊರಬರುತ್ತದೆ. ಮತ್ತೆ ಅಂಟಿಸಿದ್ದು ಮತ್ತೆ ಬೀಳಲು ಈ ಹಳೆಯ ಅಂಟು ಮುಖ್ಯ ಕಾರಣ: ಪಿನ್ನು ತಳ ಮುಟ್ಟುವುದಿಲ್ಲ, ಹೊಸ ಅಂಟು ಪ್ಲಾಸ್ಟಿಕ್ಕಿನ ಬದಲು ಹಳೆಯ ಅಂಟಿನ ಪೊರೆಗೆ ಹಿಡಿಯುತ್ತದೆ, ಆ ಪೊರೆ ಕಿತ್ತಾಗ ಎರಡೂ ಒಟ್ಟಿಗೆ ಬರುತ್ತವೆ.

ಸೂಪರ್ ಗ್ಲೂ ಮತ್ತು ಕ್ಯಾನಪಿ ಗ್ಲೂ

ನಿಜವಾದ ಪೈಪೋಟಿ ಇರುವುದು ಇವೆರಡರ ನಡುವೆ. ಸೂಪರ್ ಗ್ಲೂ ಎಂದರೆ ಸಯನೋಆಕ್ರಿಲೇಟ್. ಗಾಳಿಯ ಮತ್ತು ಮೇಲ್ಮೈಯ ತೇವಾಂಶ ತಾಗಿದಾಗ ಅದು ಗಟ್ಟಿಯಾಗುತ್ತದೆ. ಕ್ಯಾನಪಿ ಗ್ಲೂ ನೀರಿನಲ್ಲಿ ಬೆರೆತ ಬಿಳಿ ಅಂಟು. ಮಾದರಿ ವಿಮಾನಗಳ ಪಾರದರ್ಶಕ ಕ್ಯಾಬಿನ್ ಮುಚ್ಚಳ ಅಂಟಿಸಲು ಬಳಕೆಗೆ ಬಂದದ್ದರಿಂದ ಆ ಹೆಸರು. ನೀರು ಆರಿದಂತೆ ಗಾಜಿನಂತೆ ತಿಳಿಯಾಗುತ್ತದೆ, ಆದರೆ ಸ್ವಲ್ಪ ಬಾಗುವ ಗುಣ ಉಳಿಸಿಕೊಳ್ಳುತ್ತದೆ.

ಸೂಪರ್ ಗ್ಲೂವಿನ ಗುಣ ಅದರ ವೇಗ. ತೆಳು ನಮೂನೆ ಕೆಲವೇ ಸೆಕೆಂಡಿನಲ್ಲಿ ಹಿಡಿಯುತ್ತದೆ, ಲೋಹವನ್ನು ಪ್ಲಾಸ್ಟಿಕ್‌ಗೆ ಸೇರಿಸುತ್ತದೆ, ಎಳೆತಕ್ಕೆ ಚೆನ್ನಾಗಿ ನಿಲ್ಲುತ್ತದೆ. ಅದರ ಕೊರತೆ ಪೆಡಸುತನ. ಪಕ್ಕದಿಂದ ಬೀಳುವ ಸಣ್ಣ ಪೆಟ್ಟಿಗೆ, ಸುಲಿಯುವಂಥ ಎಳೆತಕ್ಕೆ ಅದು ಗಾಜಿನಂತೆ ಚಟ್ಟೆಂದು ಬಿಡುತ್ತದೆ. ಲೋಕೊವನ್ನು ಎತ್ತುವಾಗ ಬೆರಳು ತಾಗುವ ಹ್ಯಾಂಡ್‌ರೈಲ್, ಕನ್ನಡಿ, ಬಫರ್ ಬೀಮಿನ ಹೋಸ್ ಇವೆಲ್ಲ ಬೀಳುವುದು ಇದೇ ಪೆಟ್ಟಿಗೆ. ಇಂಥ ಜಾಗದಲ್ಲಿ ಕ್ಯಾನಪಿ ಗ್ಲೂ ಗೆಲ್ಲುತ್ತದೆ. ಬಾಗಿ ಮತ್ತೆ ಮೊದಲಿನಂತಾಗುತ್ತದೆ. ಒಂದು ವೇಳೆ ಬಿಟ್ಟರೂ ಪಿನ್ನು ಮುರಿಯದೆ ಪೂರ್ತಿ ಹೊರಬರುತ್ತದೆ, ಉಳಿದ ಅಂಟನ್ನು ಉಗುರಿನಿಂದ ಸುಲಿದು ತೆಗೆಯಬಹುದು. ಹೆಚ್ಚಾದದ್ದನ್ನು ಒದ್ದೆ ಹತ್ತಿಕಡ್ಡಿಯಿಂದ ಒರೆಸಿದರೆ ಬಣ್ಣಕ್ಕೆ ಏನೂ ಆಗುವುದಿಲ್ಲ. ನಮ್ಮ ಅಭಿಪ್ರಾಯದಲ್ಲಿ ಗಟ್ಟಿ ಪಿನ್ನು ಉಳಿದಿರುವ, ಹಗುರವಾದ, ಕೈತಾಗುವ ಯಾವ ಭಾಗಕ್ಕೂ ಮೊದಲು ಪ್ರಯತ್ನಿಸಬೇಕಾದದ್ದು ಇದನ್ನೇ.

ಅದಕ್ಕೆ ತಾಳ್ಮೆ ಬೇಕು ಎಂಬುದು ನಿಜ. ಅರ್ಧ ಗಂಟೆಯಿಂದ ಒಂದು ಗಂಟೆಯವರೆಗೆ ಭಾಗ ಅಲುಗದಂತೆ ನಿಲ್ಲಬೇಕು, ಪೂರ್ತಿ ಬಲ ಬರಲು 24 ಗಂಟೆ. ಪಿನ್ನಿಲ್ಲದ, ನಯವಾದ ಎರಡು ಮೇಲ್ಮೈಗಳ ನಡುವೆ ನೀರು ಆರಲು ದಾರಿಯಿಲ್ಲದೆ ಅಂಟು ಒಳಗೆ ಬಿಳಿಯಾಗಿಯೇ ಉಳಿಯುತ್ತದೆ. ಭಾರದ ಲೋಹವನ್ನು ಅದು ಹೊರುವುದಿಲ್ಲ. ಮರಗೆಲಸದ ಮಾಮೂಲಿ ಬಿಳಿ ಅಂಟು ನೋಡಲು ಹಾಗೆಯೇ ಇದ್ದರೂ ನಯವಾದ ಪ್ಲಾಸ್ಟಿಕ್ ಮೇಲೆ ಅದರ ಹಿಡಿತ ಕಡಿಮೆ.

ಸೂಪರ್ ಗ್ಲೂ ಬೇಕೇ ಬೇಕಾದಲ್ಲಿ ಯಾವ ನಮೂನೆ? ತೆಳುವಾದದ್ದು ನೀರಿನಂತೆ ಹರಿದು, ಸಿಕ್ಕ ಸಂದಿಗೆಲ್ಲ ತಾನೇ ನುಗ್ಗುತ್ತದೆ. ಬೋಗಿಯ (ಲೋಕೊದ ಅಡಿಯಲ್ಲಿ ಚಕ್ರಗಳನ್ನು ಹೊತ್ತು ತಿರುಗುವ ಚೌಕಟ್ಟು) ಬದಿಯ ಬ್ರೇಕ್ ಸಿಲಿಂಡರಿಗೆ ಹಾಕಿದ ಹನಿ ಆಕ್ಸಲ್ ಬಾಕ್ಸಿಗೆ ಹೋಗಿ ಚಕ್ರ ಕಟ್ಟಿಹಾಕುವುದು ಹೀಗೆ. ಲೋಕೊ ಕೆಲಸಕ್ಕೆ ಮಧ್ಯಮ ಅಥವಾ ಜೆಲ್ ನಮೂನೆಯೇ ಸರಿ. ಅದು ಇಟ್ಟಲ್ಲಿ ನಿಲ್ಲುತ್ತದೆ, ಸ್ವಲ್ಪ ಸಡಿಲ ತೂತನ್ನೂ ತುಂಬುತ್ತದೆ, ಸರಿಪಡಿಸಿಕೊಳ್ಳಲು ಹತ್ತಿಪ್ಪತ್ತು ಸೆಕೆಂಡ್ ಕೊಡುತ್ತದೆ. ಟ್ಯೂಬಿನ ಮೂತಿಯಿಂದ ನೇರ ಹಾಕಬೇಡಿ. ಹೊಲಿಗೆ ಸೂಜಿಯ ಕಣ್ಣಿನ ತುದಿಯನ್ನು ಕತ್ತರಿಸಿದರೆ ಪುಟ್ಟ ಕವೆಯಾಗುತ್ತದೆ. ಅಂಟನ್ನು ಅಲ್ಯೂಮಿನಿಯಂ ಹಾಳೆಯ ಮೇಲೆ ಒಂದು ಹನಿ ಹಾಕಿಕೊಂಡು, ಈ ಕವೆಯಲ್ಲಿ ಸಾಸಿವೆಯ ಕಾಲುಭಾಗದಷ್ಟು ಎತ್ತಿ ಪಿನ್ನಿನ ತುದಿಗೆ ಮಾತ್ರ ಸೋಕಿಸಿ. ಪಿನ್ನಿನ ಬುಡಕ್ಕೆ ಹಾಕಿದರೆ ಒತ್ತಿದಾಗ ಅದು ಹೊರಗೆ ಉಕ್ಕಿ ಬಣ್ಣದ ಮೇಲೆ ಹೊಳೆಯುವ ಕಾಲರ್ ಆಗಿ ಉಳಿಯುತ್ತದೆ.

ಬಿಳಿ ಮಂಜಿನ ಕಾರಣವೂ ತಿಳಿದಿರಲಿ. ಗಟ್ಟಿಯಾಗದ ಅಂಟಿನ ಆವಿ ಹತ್ತಿರದ ಮೇಲ್ಮೈಯಲ್ಲಿ, ಅದರಲ್ಲೂ ಬೆರಳಚ್ಚಿನ ತೇವದ ಮೇಲೆ, ಕೂತು ಬಿಳಿ ಪುಡಿಯಾಗುತ್ತದೆ. ಮುಚ್ಚಿದ ಬಾಡಿಯ ಒಳಗೆ ಹಾಕಿ ತಕ್ಷಣ ಡಬ್ಬಿಗೆ ಇಟ್ಟರೆ ಒಳಗಿನ ಗಾಜುಗಳೆಲ್ಲ ಮಬ್ಬಾಗುತ್ತವೆ. ಕಡಿಮೆ ಅಂಟು, ಗಾಳಿಯಾಡುವ ಜಾಗ, ಒಂದು ರಾತ್ರಿ ಡಬ್ಬಿಯ ಹೊರಗೆ ಇಡುವುದು ಇವಿಷ್ಟು ಬೇಕು. ಕಡಿಮೆ ವಾಸನೆಯದೆಂದು ಮಾರುವ ನಮೂನೆಗಳು ಮಂಜನ್ನೂ ಕಡಿಮೆ ಬಿಡುತ್ತವೆ, ಹಿಡಿಯುವುದು ಸ್ವಲ್ಪ ನಿಧಾನ. ವೇಗ ಹೆಚ್ಚಿಸುವ ಸ್ಪ್ರೇ ಲೋಕೊದ ಹತ್ತಿರ ತರದಿದ್ದರೆ ಒಳ್ಳೆಯದು: ಕೆಲವು ಬಣ್ಣಗಳನ್ನು ಅದು ಕೆಡಿಸುತ್ತದೆ, ಅಂಟೂ ಇನ್ನಷ್ಟು ಪೆಡಸಾಗುತ್ತದೆ. ಬಿಡಿಸಲೆಂದು ಅಸಿಟೋನ್ ಹಚ್ಚುವುದಂತೂ ಕೂಡದು. ಸೂಪರ್ ಗ್ಲೂಗಿಂತ ಮೊದಲು ಸ್ಟೈರೀನ್, ಎಬಿಎಸ್ ಬಾಡಿಯೇ ಕರಗುತ್ತದೆ.

ಗಾಜು, ಹೆಡ್‌ಲೈಟಿನ ಲೆನ್ಸ್, ನಂಬರ್ ಬೋರ್ಡಿನ ಪಾರದರ್ಶಕ ತುಂಡು ಇವುಗಳಿಗೆ ಎರಡರ ನಡುವೆ ಆಯ್ಕೆಯೇ ಇಲ್ಲ. ಕ್ಯಾನಪಿ ಗ್ಲೂ ಮಾತ್ರ.

ಪ್ಲಾಸ್ಟಿಕ್ ಸಿಮೆಂಟ್, ಎಪಾಕ್ಸಿ, ಬೆಸುಗೆ

ತೆಳು ಪ್ಲಾಸ್ಟಿಕ್ ಸಿಮೆಂಟ್ ಅಂಟಿಸುವುದಿಲ್ಲ, ಎರಡು ಬದಿಯನ್ನೂ ಕರಗಿಸಿ ಒಂದಾಗಿಸುತ್ತದೆ. ಎರಡೂ ಸ್ಟೈರೀನ್ ಅಥವಾ ಎಬಿಎಸ್ ಆಗಿದ್ದು, ಸೇರುವ ಜಾಗದಲ್ಲಿ ಬಣ್ಣ ಕೆರೆದು ತೆಗೆದಿದ್ದರೆ ಇದಕ್ಕಿಂತ ಗಟ್ಟಿಯ ಜೋಡಣೆ ಇನ್ನೊಂದಿಲ್ಲ. ಮುರಿದ ಮೆಟ್ಟಿಲಿನ ಬ್ರಾಕೆಟ್, ಏರ್ ಟ್ಯಾಂಕ್, ಛಾವಣಿಯ ಫ್ಯಾನ್ ಚೌಕಟ್ಟು ಇವಕ್ಕೆ ಸರಿಹೊಂದುತ್ತದೆ. ತುಂಡುಗಳನ್ನು ಮೊದಲು ಸೇರಿಸಿ ಹಿಡಿದು, ಒಳಬದಿಯಿಂದ ಬ್ರಷ್ಷಿನ ತುದಿ ಸಂದಿಗೆ ತಾಗಿಸಿ. ದ್ರವ ತಾನೇ ಒಳಗೆ ಎಳೆದುಕೊಳ್ಳುತ್ತದೆ. ಒಂದು ನಿಮಿಷ ಹಿಡಿದು, 24 ಗಂಟೆ ಮುಟ್ಟದೆ ಬಿಡಿ. ಆ ಸಂದಿ ನಿಮ್ಮ ಬೆರಳಿನ ಕೆಳಗೂ ಹಾದುಹೋಗುತ್ತಿದ್ದರೆ ದ್ರವ ಬೆರಳಿನ ಕೆಳಗೆ ಹರಿದು ಬಣ್ಣದಲ್ಲಿ ಬೆರಳಚ್ಚು ಕೊರೆದುಬಿಡುತ್ತದೆ. ಹಿಡಿಯುವ ಜಾಗ ದೂರವಿರಲಿ. ಲೋಹಕ್ಕೆ, ಅಸಿಟಾಲಿಗೆ, ನೈಲಾನಿಗೆ ಇದು ಏನೂ ಮಾಡದು. 0.4 ಮಿ.ಮೀ. ದಪ್ಪದ ಪ್ಲಾಸ್ಟಿಕ್ ಕೈಹಿಡಿ ನಡುವೆ ಮುರಿದಿದ್ದರೆ ತುದಿಗೆ ತುದಿ ಸೇರಿಸಲು ಹೋಗಬೇಡಿ. ಸೇರುವ ಮೇಲ್ಮೈಯೇ ಸಾಲದು. ತಂತಿಯಲ್ಲಿ ಹೊಸದು ಬಾಗಿಸುವುದು ಬೇಗ ಆಗುತ್ತದೆ, ಬಾಳಿಕೆಯೂ ಬರುತ್ತದೆ.

ಎಪಾಕ್ಸಿ ಭಾರದ ಲೋಹಕ್ಕೆ. ವೈಟ್ ಮೆಟಲ್ ಮೆಟ್ಟಿಲು, ಲೋಹದ ಬಫರ್, ಒಳಗಿನ ತೂಕದ ಬಿಲ್ಲೆ, ದೊಡ್ಡದಾಗಿಬಿಟ್ಟ ತೂತು ಇವೆಲ್ಲ ಅದರ ಪಾಲು. 5 ನಿಮಿಷದ್ದಕ್ಕಿಂತ 24 ಗಂಟೆಯದು ಗಟ್ಟಿ. ಎರಡು ಮೇಲ್ಮೈಯನ್ನೂ 400ರ ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ, ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಜಿಡ್ಡು ತೆಗೆಯಿರಿ. ಎರಡು ಟ್ಯೂಬಿನಿಂದಲೂ ಸಮ ಪ್ರಮಾಣ. ಬೇಗ ಆಗಲೆಂದು ಹಾರ್ಡನರ್ ಹೆಚ್ಚು ಹಾಕಿದರೆ ಅದು ಸದಾ ಮೆತ್ತಗೇ ಉಳಿಯುತ್ತದೆ. ಬೇಕಾದದ್ದು ಸೂಜಿಮೊನೆಯಷ್ಟೇ ಆದರೂ ಬಟಾಣಿ ಕಾಳಿನಷ್ಟು ಕಲಸಿ, ಏಕೆಂದರೆ ತೀರ ಕಡಿಮೆ ಕಲಸಿದಾಗ ಪ್ರಮಾಣ ತಪ್ಪುತ್ತದೆ.

ಬೆಸುಗೆ ಹಿತ್ತಾಳೆಯ ಮಾದರಿಗಳಿಗೆ ಮಾತ್ರ ಸರಿ, ಅದೂ ಬಣ್ಣ ಬಳಿಯುವ ಮೊದಲು. 60/40 ತವರ–ಸೀಸದ ಬೆಸುಗೆ 183 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗತೊಡಗುತ್ತದೆ. ಅಷ್ಟು ಶಾಖಕ್ಕೆ ಸುತ್ತಲ ಬಣ್ಣ ಸುಟ್ಟು, ಪಕ್ಕದ ಬೆಸುಗೆಗಳೂ ಬಿಡಬಹುದು. ಪಕ್ಕದ ಭಾಗಗಳಿಗೆ ಒದ್ದೆ ಟಿಶ್ಯೂ ಸುತ್ತಿ ಅಥವಾ ಲೋಹದ ಕ್ಲಿಪ್ ಹಾಕಿ ಶಾಖ ಹೀರಿಸಬೇಕು. ಮೋಟಾರು, ಡಿಕೋಡರುಗಳನ್ನು ಮೊದಲೇ ಹೊರತೆಗೆದಿಡಿ. ವೈಟ್ ಮೆಟಲಿಗೆ 70 ಡಿಗ್ರಿಯಲ್ಲಿ ಕರಗುವ ವಿಶೇಷ ಬೆಸುಗೆ ಇದೆ. ಮಾಮೂಲಿ ಐರನ್ ತಾಗಿಸಿದರೆ ಭಾಗವೇ ಕರಗಿ ಗುಂಡಾಗುತ್ತದೆ. ಬಣ್ಣ ಬಳಿದಿರುವ ಹಿತ್ತಾಳೆ ಲೋಕೊಗೆ ಎಪಾಕ್ಸಿ ಅಥವಾ ಜೆಲ್ ಸೂಪರ್ ಗ್ಲೂ ಸಾಕು.

ರಬ್ಬರ್ ಮೂಲದ ಕಾಂಟ್ಯಾಕ್ಟ್ ಅಂಟು ಎಳೆಎಳೆಯಾಗಿ ಬರುತ್ತದೆ, ಅದರ ಸಾಲ್ವೆಂಟ್ ಬಣ್ಣ ಮೆತ್ತಗಾಗಿಸುತ್ತದೆ. ಹೊರಗೆ ಕಾಣುವ ಭಾಗಗಳಿಗೆ ಬೇಡ. ಯುವಿ ರೆಸಿನ್ ಬೆಳಕು ತಾಗಿದಲ್ಲಿ ಮಾತ್ರ ಗಟ್ಟಿಯಾಗುವುದರಿಂದ ತೂತಿನೊಳಗಿನ ಪಿನ್ನಿಗೆ ಪ್ರಯೋಜನವಿಲ್ಲ.

ಅಸಿಟಾಲ್ ಎಂಬ ಹಟಮಾರಿ

ಅಸಿಟಾಲಿನ ಮೇಲೆ ಯಾವ ಮಾಮೂಲಿ ಅಂಟೂ ನಿಜವಾಗಿ ಹಿಡಿಯುವುದಿಲ್ಲ. ಸೂಪರ್ ಗ್ಲೂ ಒಣಗಿ ಪೊರೆಯಾಗಿ ಬಿಟ್ಟುಬರುತ್ತದೆ, ಎಪಾಕ್ಸಿ ಅಷ್ಟೇ. ಹಾಗಾಗಿ ಹಿಡಿತವನ್ನು ಆಕಾರದಿಂದ ಪಡೆಯಬೇಕು. ಹ್ಯಾಂಡ್‌ರೈಲ್ ಕಂಬದ ಪಿನ್ನು ಬಾಡಿಯ ಒಳಬದಿಗೆ ಚಾಚಿಕೊಂಡಿದ್ದರೆ ಬಾಡಿ ತೆಗೆದು, ಒಳಗಿನಿಂದ ಪಿನ್ನಿನ ತುದಿಯ ಸುತ್ತ ಕ್ಯಾನಪಿ ಗ್ಲೂವಿನ ದಪ್ಪ ಹನಿ ಇಟ್ಟು ಒಣಗಲು ಬಿಡಿ. ಒಣಗಿದ ಹನಿ ಬಾಡಿಗೆ ಅಂಟಿಕೊಂಡು ಪಿನ್ನಿಗೆ ಟೋಪಿಯಂತೆ ಕೂರುತ್ತದೆ. ಪಿನ್ನಿನ ತುದಿಗೆ ಬ್ಲೇಡಿನಿಂದ ಅಡ್ಡಗೀರು ಹಾಕಿದ್ದರೆ ಹನಿ ಆ ಗೀರಿನೊಳಗೂ ಇಳಿದು ಪಿನ್ನು ಜಾರದಂತೆ ತಡೆಯುತ್ತದೆ. ಪಿನ್ನಿನ ತುದಿಯನ್ನು ಬಿಸಿ ಮಾಡಿ ಚಪ್ಪಟೆ ಮಾಡುವ ದಾರಿಯೂ ಉಂಟು, ಇನ್ನೂ ಗಟ್ಟಿ, ಆದರೆ ಮುಂದೆ ಬಿಚ್ಚಲಾಗದು. ಅಸಿಟಾಲ್ ಅತಿಯಾಗಿ ಕಾದರೆ ಕಣ್ಣು ಮೂಗು ಉರಿಸುವ ಫಾರ್ಮಾಲ್ಡಿಹೈಡ್ ಬಿಡುವುದರಿಂದ ಕಿಟಕಿ ತೆರೆದಿಡಬೇಕು.

ಒಳಬದಿಗೆ ದಾರಿಯಿಲ್ಲದ ಕಡೆ ಪಾಲಿಓಲೆಫಿನ್ ಪ್ರೈಮರ್ (ಅಂಟು ಹಿಡಿಯದ ಪ್ಲಾಸ್ಟಿಕ್‌ಗೆ ಮೊದಲು ಹಚ್ಚುವ ದ್ರವ) ನೆರವಾಗುತ್ತದೆ. ಪಿನ್ನಿಗೆ ತೆಳುವಾಗಿ ಹಚ್ಚಿ ಆರಿದ ಮೇಲೆ ಮಧ್ಯಮ ಸೂಪರ್ ಗ್ಲೂ ಹಾಕಿದರೆ ಹಿಡಿತ ಗಮನಾರ್ಹವಾಗಿ ಏರುತ್ತದೆ. ಬಾಡಿಯ ಬಣ್ಣಕ್ಕೆ ಅದು ತಾಗದಿರಲಿ.

ಪಿನ್ನೇ ಮುರಿದಿದ್ದರೆ

ಪಿನ್ನು ತೂತಿನೊಳಗೇ ಉಳಿದು ಭಾಗ ಮಾತ್ರ ಕೈಗೆ ಬಂದಿದ್ದರೆ ಮುರಿದ ಮುಖಕ್ಕೆ ಅಂಟು ಹಚ್ಚಿ ಒತ್ತುವುದು ತಾತ್ಕಾಲಿಕ. ತಂತಿಯ ಪಿನ್ನು ಹಾಕಿ. ತೂತಿನಲ್ಲಿ ಉಳಿದ ತುಣುಕಿನ ನಡುವೆ ಸೂಜಿಯಿಂದ ಚುಕ್ಕಿ ಒತ್ತಿ, ಬಿಟ್ಟು ಜಾರದಂತೆ ಮಾಡಿಕೊಳ್ಳಿ. 0.35 ಮಿ.ಮೀ. ಬಿಟ್ಟಿನಿಂದ, ಕೈಯಲ್ಲೇ ತಿರುಗಿಸುತ್ತ, 1.5 ಮಿ.ಮೀ. ಆಳ ಕೊರೆಯಿರಿ. ಎಲೆಕ್ಟ್ರಿಕ್ ಡ್ರಿಲ್ ಬೇಡ. ಅದರ ವೇಗಕ್ಕೆ ಪ್ಲಾಸ್ಟಿಕ್ ಕರಗಿ ಬಿಟ್ಟಿಗೆ ಸುತ್ತಿಕೊಂಡು ಬಿಟ್ಟೇ ಮುರಿಯುತ್ತದೆ. ಭಾಗದ ಬದಿಯಲ್ಲೂ ಸರಿಯಾಗಿ ಅದರೆದುರಿಗೇ ತೂತು ಬರಬೇಕು. ಅದಕ್ಕೆ ಬಾಡಿಯ ಹೊಸ ತೂತಿನ ಸುತ್ತ ಒದ್ದೆ ಬಣ್ಣದ ಚುಕ್ಕಿ ಇಟ್ಟು ಭಾಗವನ್ನು ಸರಿಯಾದ ಭಂಗಿಯಲ್ಲಿ ಒಮ್ಮೆ ತಾಗಿಸಿದರೆ ಗುರುತು ಮೂಡುತ್ತದೆ. 0.3 ಮಿ.ಮೀ. ಹಿತ್ತಾಳೆ ಅಥವಾ ಫಾಸ್ಫರ್ ಬ್ರಾನ್ಜ್ ತಂತಿಯನ್ನು ಭಾಗದೊಳಗೆ ಸೂಪರ್ ಗ್ಲೂವಿನಿಂದ ಕೂರಿಸಿ, ಅದು ಪೂರ್ತಿ ಗಟ್ಟಿಯಾದ ಮೇಲೆ ಬಾಡಿಯ ತೂತಿಗೆ ಕ್ಯಾನಪಿ ಗ್ಲೂ ಹಾಕಿ ಸೇರಿಸಿ. ಈ ಎರಡು ಅಂಟಿನ ಜೋಡಿ ಬಹಳ ಕೆಲಸಕ್ಕೆ ಬರುತ್ತದೆ: ಪೆಟ್ಟು ಬಿದ್ದರೆ ತಂತಿ ಭಾಗದೊಂದಿಗೇ ಹೊರಬರುತ್ತದೆ, ಮತ್ತೆ ಕೂರಿಸಲು ಒಂದು ಹನಿ ಸಾಕು.

ಎನ್ ಅಳತೆಯ ಭಾಗಗಳಲ್ಲಿ 0.3 ಮಿ.ಮೀ. ತಂತಿಗೂ ಜಾಗವಿಲ್ಲದಿರಬಹುದು. ಆಗ 0.2 ಮಿ.ಮೀ. ತಂತಿ, 0.25 ಮಿ.ಮೀ. ಬಿಟ್ಟು. ಬಿಟ್ಟು ಪಿನ್ ವೈಸಿನಿಂದ 3 ಮಿ.ಮೀ. ಗಿಂತ ಹೆಚ್ಚು ಹೊರಗೆ ಚಾಚಿರದಿದ್ದರೆ ಬಾಗುವುದು ಕಡಿಮೆ.

ಕೂರಿಸುವ ಮೊದಲು, ಕೂರಿಸಿದ ಮೇಲೆ

ಬೋಗಿ, ಬಫರ್ ಬೀಮಿನ ಸುತ್ತ ಎಣ್ಣೆಯ ಪಸೆ ಇದ್ದೇ ಇರುತ್ತದೆ. ಕ್ಯಾನಪಿ ಗ್ಲೂ ಸೋಲುವುದು ಹೆಚ್ಚಾಗಿ ಅಲ್ಲೇ. ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಹತ್ತಿಕಡ್ಡಿಯಿಂದ ಒರೆಸಿ, ಆದರೆ ಮೊದಲು ಅಡಿಭಾಗದಲ್ಲಿ ಪರೀಕ್ಷಿಸಿ. ಕೆಲವು ಮಾದರಿಗಳ ಬಣ್ಣ, ಮುದ್ರಿತ ನಂಬರುಗಳು ಅದಕ್ಕೇ ಎದ್ದುಬರುತ್ತವೆ. ಲೋಕೊವನ್ನು ಫೋಮ್ ತೊಟ್ಟಿಲಲ್ಲಿ, ತೂತು ಮೇಲ್ಮುಖವಾಗುವಂತೆ ಮಲಗಿಸಿ. ಅಂಟು ಬಾಡಿಯಿಂದ ಯಂತ್ರದ ಕಡೆಗೆ ಹರಿಯದಂತೆ ಓರೆ ಇರಲಿ. ಚಿಮಟದ ಒತ್ತಡಕ್ಕೆ ಚೂರು ಚಿಮ್ಮಿ ಹಾರುವುದನ್ನು ತಡೆಯಲು ಅದರ ತುದಿಗೆ ಮಾಸ್ಕಿಂಗ್ ಟೇಪಿನ ತೆಳು ಪಟ್ಟಿ ಸುತ್ತಿ.

ಎಲೆಕ್ಟ್ರಿಕ್ ಲೋಕೊದ ಪ್ಯಾಂಟೊಗ್ರಾಫ್ (ಛಾವಣಿಯಿಂದ ಏರಿ ಮೇಲಿನ ತಂತಿಗೆ ತಾಗುವ ಚೌಕಟ್ಟು) ಕಳಚಿದ್ದರೆ ಸ್ಕ್ರೂ ಅಥವಾ ಕ್ಲಿಪ್ಪಿನಿಂದ ಮಾತ್ರ ಕೂರಿಸಿ. ಕೀಲಿಗೆ ಒಂದಿಷ್ಟು ಅಂಟು ಹೋದರೂ ಅದು ಏರಿ ಇಳಿಯುವುದಿಲ್ಲ. ಹಳಿಯ ಮೇಲೆ ಎಳೆದ ತಂತಿಗಳಿಂದ ವಿದ್ಯುತ್ ಪಡೆಯುವ ಮಾದರಿಯಾದರೆ ಸಂಪರ್ಕವೂ ಕಡಿದುಹೋಗುತ್ತದೆ.

ಇನ್ನು ಪೊಟ್ಟಣದಲ್ಲಿ ಬಂದ ಬಫರ್ ಬೀಮಿನ ಭಾಗಗಳು. ಇವನ್ನು ಹಾಕುವುದೋ ಬಿಡುವುದೋ ಎಂಬುದು ನಿಮ್ಮ ಹಳಿಯ ತಿರುವು ನಿರ್ಧರಿಸುವ ಮಾತು. ಬಿಗಿ ತಿರುವಿನಲ್ಲಿ ಕಪ್ಲಿಂಗ್ ಪಕ್ಕಕ್ಕೆ ಸರಿದಾಗ ಬ್ರೇಕ್ ಪೈಪಿಗೆ ತಾಗಿ ಗಾಡಿ ಹಳಿ ತಪ್ಪುತ್ತದೆ. ಹಿಮ ತಳ್ಳುವ ಹಲಗೆ ಬೋಗಿಯ ತಿರುಗಾಟಕ್ಕೆ ಅಡ್ಡ ಬರುತ್ತದೆ. ಪ್ರದರ್ಶನದ ಕಪಾಟಿನಲ್ಲಿಡುವ ಲೋಕೊಗೆ ಎಲ್ಲವನ್ನೂ ಹಾಕಬಹುದು. ಓಡಿಸುವ ಲೋಕೊಗೆ ಗಾಡಿ ಜೋಡಿಸದ ತುದಿಯಲ್ಲಿ ಮಾತ್ರ ಹಾಕುವುದು ಒಳ್ಳೆಯ ಮಧ್ಯದಾರಿ. ಎರಡೂ ತುದಿಗೆ ಬೇಕೆಂದರೆ ಭಾಗಗಳನ್ನು ಅಂಟಿಲ್ಲದೆ ಒತ್ತಿ ಕೂರಿಸಿ, ಒಂದು ಗಾಡಿ ಜೋಡಿಸಿ, ನಿಮ್ಮಲ್ಲಿರುವ ಅತಿ ಬಿಗಿ ತಿರುವಿನ ಮೇಲೆ ಕೈಯಿಂದ ತಳ್ಳಿ ನೋಡಿ. ಎಸ್ ಆಕಾರದ ತಿರುವಿದ್ದರೆ ಅಲ್ಲೂ, ಹಿಮ್ಮುಖವಾಗಿಯೂ ತಳ್ಳಿ, ಏಕೆಂದರೆ ಹಿಂದಕ್ಕೆ ನೂಕುವಾಗಲೇ ಕಪ್ಲಿಂಗ್ ಹೆಚ್ಚು ಪಕ್ಕಕ್ಕೆ ಸರಿಯುತ್ತದೆ. ಎಲ್ಲೂ ತಾಗದಿದ್ದರೆ ಭಾಗ ಹೊರತೆಗೆದು ಕ್ಯಾನಪಿ ಗ್ಲೂ ಹಾಕಿ ಕೂರಿಸಿ, ಮರುದಿನದವರೆಗೆ ಲೋಕೊವನ್ನು ಹಾಗೇ ಬಿಡಿ. ತಾಗಿದರೆ ಆ ಭಾಗವನ್ನು ಲೋಕೊದ ನಂಬರ್ ಬರೆದ ಪೊಟ್ಟಣದಲ್ಲಿ ಹಾಕಿ ಡಬ್ಬಿಯೊಳಗೇ ಇಟ್ಟುಬಿಡಿ.